ಒಂದೇ ಕೂಗಿಗೆ ಓ ಎನ್ನಬಾರದು

ನನ್ನ ಸ್ವರ ಕೆಟ್ಟಿದೆ ಎಂದು ನನಗೆ ಮೊದಲು ತಿಳಿಸಿದವರು ಡಾಕ್ಟರಲ್ಲ, ನನ್ನ ಗಂಡ. ಅವರು ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು, ಆದಿತ್ಯವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಆ ಆದಿತ್ಯವಾರ ನನ್ನ ‘ಹಲೋ’ ಕೇಳಿ, ಬಹಳ ಮರ್ಯಾದೆಯಿಂದ ಕೇಳಿದರು: “ಹ್ವಾಯ್, ಯಾರ್ ಮಾತಾಡುದ್? ನಮ್ಮನಿಯವ್ಳ್ ಹತ್ರ ಒಂಚೂರ್ ಕೊಡಿ ಕಾಂಬ.”

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ನನ್ನೊಡನೆ ಅಷ್ಟು ಮರ್ಯಾದೆಯಾಗಿ ಮಾತಾಡಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅದನ್ನೇ ಹಿಡಿದುಕೊಂಡು ಒಂದು ವಾರ ಅವರನ್ನು ಕಾಡುತ್ತಿದ್ದೆ. ಅವತ್ತು “ನಾನೇ ಮಾರಾಯ್ರೆ” ಎಂದೆ, ಅಷ್ಟೆ. ಅವರು ನಕ್ಕು “ಶೀತವಾ?” ಎಂದರು. ಹೌದೆಂದೆ. ಅದು ಶೀತವಲ್ಲ. ನಾಲ್ಕು ತಿಂಗಳಿಂದ ಸ್ವರ ಒಡೆದಿತ್ತು. ಧೂಳು, ಸೆಕೆ, ಕರಿದ ತಿಂಡಿ ಎಂದು ಒಂದೊಂದು ವಾರ ಒಂದೊಂದು ಕಾರಣ ಹೇಳಿಕೊಂಡು ಬಂದಿದ್ದೆ. ಗಂಡನಿಗೇ ಗುರುತು ಸಿಗದ ಮೇಲೆ ಹೇಳಲು ಕಾರಣ ಉಳಿದಿರಲಿಲ್ಲ.

ಬಿಜೂರಿನ ನಮ್ಮ ಮನೆಯ ಜಗಲಿಗೆ ತಾಗಿ ಒಂದು ಸಣ್ಣ ಅಂಗಡಿ ಇತ್ತು. ತೊಂಬತ್ತೇಳರಲ್ಲಿ ಅಲ್ಲಿಗೆ ಫೋನು ಬಂತು. ಸುತ್ತಲಿನ ಮನೆಗಳಲ್ಲಿ ಬೊಂಬಾಯಿಯಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ, ಫೋನಿದ್ದ ಮನೆ ಮಾತ್ರ ನಮ್ಮದೊಂದೇ. ಅವರೆಲ್ಲ ನಮ್ಮ ನಂಬರನ್ನೇ ತಮ್ಮ ನಂಬರು ಎಂದು ಮಕ್ಕಳಿಗೆ ಬರೆದುಕೊಟ್ಟಿದ್ದರು. ಫೋನು ಬಂದರೆ “ಹತ್ ನಿಮಿಷ ಬಿಟ್ ಮಾಡಿ, ಕರಿತೆ” ಎಂದು ಇಟ್ಟು, ನಾನು ಗದ್ದೆಯ ಅಂಚಿಗೆ ಓಡಿ ನಿಂತು ಕೂಗಬೇಕು. ಹತ್ತಿರದ ಮನೆಗೆ ಒಂದು ‘ಹ್ವಾಯ್’ ಸಾಕು. ಗದ್ದೆಯಾಚೆಯ ಮನೆಗಳಿಗೆ ಅದನ್ನೇ ಉದ್ದ ಎಳೆದು, ಕೊನೆಯಲ್ಲಿ ಎತ್ತಿ ಬಿಡಬೇಕು. ಯಾವ ಮನೆಗೆ ಎಷ್ಟು ಎಳೆಯಬೇಕೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಕಡೆಯಿಂದ ‘ಓ’ ಎಂದು ಬರುವವರೆಗೆ ನಾನು ನಿಲ್ಲಿಸುವಂತಿಲ್ಲ. ಓ ಬರಲಿಲ್ಲ ಎಂದರೆ ಕೇಳಲಿಲ್ಲ ಎಂದೇ ಲೆಕ್ಕ.

ಮಳೆಗಾಲದಲ್ಲಿ ಏಳೆಂಟು ಸಲ ಕೂಗಬೇಕಾಗುತ್ತಿತ್ತು. ಮಳೆ ಒಂದು ಕಡೆ, ಕಪ್ಪೆಗಳು ಇನ್ನೊಂದು ಕಡೆ. ಕೆಲವು ಹೆಂಗಸರು ಮೊದಲ ಕೂಗಿಗೇ ಕೇಳಿಸಿಕೊಂಡು, ಅರೆಯುವುದನ್ನು ಮುಗಿಸಿ, ಕೈ ತೊಳೆದು, ಆಮೇಲೆ ಓ ಎನ್ನುತ್ತಿದ್ದರು. ಅದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದರೋ ಏನೋ. ಅವರಿಗೆ ಸೀರೆ ಸರಿಮಾಡಿಕೊಳ್ಳಲು ಪುರುಸೊತ್ತು ಬೇಕು, ನನ್ನ ಗಂಟಲು ಹೇಗೂ ಪುಕ್ಕಟೆ. ಬೈದುಕೊಂಡೇ ಕೂಗುತ್ತಿದ್ದೆ, ಕೂಗುವುದರಲ್ಲಿ ಸ್ವಲ್ಪ ಗರ್ವವೂ ಇತ್ತು. ನನ್ನ ಸ್ವರ ಗದ್ದೆ ದಾಟಿ ರಸ್ತೆಯವರೆಗೆ ಹೋಗುತ್ತದೆ ಎಂದು ಊರು ಹೇಳುತ್ತಿತ್ತು.

ಮೂರನೆಯ ಮಳೆಗಾಲ ಮುಗಿದ ಮೇಲೆ ಅದು ಒಡೆಯಿತು. ಮೊದಮೊದಲು ಸಂಜೆಗೆ ಮಾತ್ರ. ಆಮೇಲೆ ಬೆಳಿಗ್ಗೆಯೂ. ಅಂಗಡಿಗೆ ಬಂದವರೆಲ್ಲ ಪರೀಕ್ಷೆ ಮಾಡಿದರು. ಗಂಗೊಳ್ಳಿಯಿಂದ ಸ್ಕೂಟರಿನಲ್ಲಿ ಮೀನು ತರುವವ “ಗಂಟ್ಲ್ ಕೂತಿತ್ ಮಾರಾಯ್ತಿ, ಬಿಸಿ ಬಿಸಿ ಬಂಗ್ಡಿ ಸಾರ್ ಕುಡಿ” ಎಂದ. ಜ್ಯೇಷ್ಠಮಧು, ಕಾಳುಮೆಣಸು, ಕಲ್ಲುಸಕ್ಕರೆ ಎಲ್ಲ ಆಯಿತು. ಕೊನೆಗೆ ಒಂದು ದಿನ ಅತ್ತೆ, ಅಕ್ಕಿ ಆರಿಸುತ್ತಿದ್ದವರು, ತಲೆ ಎತ್ತದೆ ಹೇಳಿದರು: “ಹೆಣೇ, ನಿನ್ನ್ ಸ್ವರ ಬಿದ್ದಿತ್.”

ಸ್ವರ ಬೀಳುವುದು. ಆ ಮಾತನ್ನು ಕೊಕ್ಕರ್ಣೆಯ ನನ್ನ ತವರಿನಲ್ಲಿ ಯಾರೂ ಆಡುತ್ತಿರಲಿಲ್ಲ. ಅಪ್ಪಯ್ಯನ ಕಾಯಿಲೆ ಶುರುವಾದದ್ದು ಹಾಗೆಯೇ.

ಅಪ್ಪಯ್ಯ ಎಲೆಯಡಿಕೆಗೆ ಹೊಗೆಸೊಪ್ಪು ಹಾಕುತ್ತಿದ್ದರು. ಅವರ ಸ್ವರ ಒಂದು ಚೌತಿಗೆ ಬಿದ್ದದ್ದು ಮತ್ತೆ ಏಳಲಿಲ್ಲ. ಆಗ ನನಗೆ ಹದಿನೇಳು. ನಮ್ಮ ಮನೆ ತೋಡಿನ ಈಚೆ, ಗದ್ದೆ ಆಚೆ. ಮರುವರ್ಷ ಮಳೆ ಹಿಡಿದ ಒಂದು ಮುಸ್ಸಂಜೆ ತೋಡಿನ ನೀರು ಏರಿ ದಾಟುವ ಮರದ ಸಂಕ ಕೊಚ್ಚಿಹೋಗಿತ್ತು. ಆಚೆಯಿಂದ ಯಾರೋ ಕರೆದರು. ಒಂದೇ ಸಲ, ಗರಗಸ ಎಳೆದ ಹಾಗಿನ ಸ್ವರ. ನಾನು ಜಗಲಿಯಿಂದ ಇಳಿಯುವುದರಲ್ಲಿದ್ದೆ. ಅಜ್ಜಿ ನನ್ನ ರಟ್ಟೆ ಹಿಡಿದರು. “ಒಂದೇ ಕೂಗಿಗ್ ಓ ಅಂಬುಕಾಗ. ಮೂರ್ ಸಲ ಕರಿಲಿ. ಅದ್ ನಮ್ಮವ್ರ್ ಸ್ವರ ಅಲ್ಲ.” ಮುಸ್ಸಂಜೆಗೆ ಮನುಷ್ಯರಲ್ಲದ್ದು ಕರೆದರೆ ಒಂದೇ ಸಲ ಕರೆಯುತ್ತದೆ, ಓಗೊಟ್ಟವರನ್ನು ಕೊಂಡುಹೋಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ನಾನೂ ಗುರುತು ಸಿಗದೆ ನಿಂತೆ. ಎರಡನೆಯ ಕೂಗು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪಯ್ಯ ಅಂಗಳದಲ್ಲಿದ್ದರು, ಎದೆಯವರೆಗೆ ಒದ್ದೆ, ಗಡಗಡ ನಡುಗುತ್ತ. ಎರಡನೆಯ ಸಲ ಕೂಗಲು ಅವರಿಗೆ ಉಸಿರಿರಲಿಲ್ಲ. ಕತ್ತಲೆಯಲ್ಲಿ ಲಾಟೀನಿಲ್ಲದೆ ತೋಡು ದಾಟಿ ಬಂದಿದ್ದರು. ನನ್ನನ್ನೇ ನೋಡಿ, “ಕೇಂಡಿಲ್ಯಾ ಮಗಾ?” ಎಂದರು. ಕೇಳಿಸಲಿಲ್ಲವಾ ಎಂದು. ನಾನು “ಇಲ್ಲೆ ಅಪ್ಪಯ್ಯ” ಎಂದೆ. ಆ ಮಳೆಗಾಲ ಮುಗಿಯುವುದರೊಳಗೆ ಅವರ ಮಾತು ಪೂರಾ ನಿಂತಿತು, ಮುಂದಿನ ಮಳೆಗಾಲಕ್ಕೆ ಅವರೇ ಇರಲಿಲ್ಲ.

ಅತ್ತೆ ‘ಸ್ವರ ಬಿದ್ದಿತ್’ ಎಂದಾಗ ನನಗೆ ಹೆದರಿಕೆಯಾದದ್ದು ಇಷ್ಟಕ್ಕೇ ಅಲ್ಲ. ನನ್ನ ಸೆರಗಿನ ಗಂಟಿನಲ್ಲಿಯೂ ಹೊಗೆಸೊಪ್ಪು ಇತ್ತು. ಅಪ್ಪಯ್ಯನನ್ನು ಕಂಡ ಮೇಲೂ ನಾನು ಕಲಿತಿದ್ದೆ. ಕಲಿಸಿದವರು ಅತ್ತೆಯೇ. ಮಧ್ಯಾಹ್ನ ಊಟವಾದ ಮೇಲೆ ಅವರ ಎಲೆಸಂಚಿಯ ಎದುರು ಕೂತು ಒಂದು ಎಲೆ ಹಾಕಿದರೆ ಬೊಂಬಾಯಿ ಸ್ವಲ್ಪ ಹತ್ತಿರ ಬಂದ ಹಾಗೆ ಅನಿಸುತ್ತಿತ್ತು.

ಬೇಸಿಗೆಯ ಕೊನೆಗೆ ಅತ್ತೆಯೂ ನಾನೂ ದೊಡ್ಡ ಆಸ್ಪತ್ರೆಗೆ ಹೊರಟೆವು. ಬಸ್ಸು ಕುಂದಾಪುರ ದಾಟಿ ಬ್ರಹ್ಮಾವರ ಬಂದಾಗ, ಕೊಕ್ಕರ್ಣೆಗೆ ಹೋಗುವವರು ಇಳಿದರು. ನಾನೂ ಇಳಿದುಬಿಡಲೇ ಎಂದು ಒಂದು ಸಲ ಅನ್ನಿಸಿತು. ಅಮ್ಮನ ಹತ್ತಿರ ಹೋಗಿ ಎಂತ ಹೇಳುವುದು? ಸ್ವರ ಕೇಳಿದ ಕೂಡಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಇಳಿಯಲಿಲ್ಲ.

ಡಾಕ್ಟರು ನನ್ನ ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು, ಸಣ್ಣ ಕನ್ನಡಿ ಒಳಗಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. “ಸ್ವರದ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಆಮೇಲೆ ಟಿವಿಯಲ್ಲಿ ನೋಡುವ” ಎಂದು ಚೀಟಿ ಕೊಟ್ಟರು. ಸುಮ್ಮನಿರುವ ಡಾಕ್ಟರನ್ನು ಕಂಡರೆ ನನಗೆ ಹೆದರಿಕೆ. ಅಪ್ಪಯ್ಯನ ಡಾಕ್ಟರೂ ಮೊದಲ ದಿನ ಸುಮ್ಮನಿದ್ದರು.

ಸ್ವರದ ಪರೀಕ್ಷೆ ಎಂದರೆ ರಕ್ತ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅಲ್ಲಿ ಒಂದು ಕೋಣೆ. ಗೋಡೆಗೂ ಬಾಗಿಲಿಗೂ ದಪ್ಪ ಮೆತ್ತೆ ಹೊಡೆದಿದ್ದರು. ನಡುವೆ ಒಂದು ಮೈಕು. ಪರೀಕ್ಷೆ ಮಾಡುವವಳು ಮೈಸೂರು ಕಡೆಯ ಹುಡುಗಿ, ನನಗಿಂತ ಎಂಟು ಹತ್ತು ವರ್ಷಕ್ಕೆ ಚಿಕ್ಕವಳಿರಬಹುದು, ನನ್ನನ್ನು ‘ಅಮ್ಮಾ’ ಎಂದು ಕರೆದಳು. ಅಮ್ಮನಂತೆ ಅಮ್ಮ. ಸಿಟ್ಟು ಬಂತು, ಆದರೆ ಹೆದರಿದವರ ಸಿಟ್ಟಿಗೆ ಎಷ್ಟು ಆಯುಸ್ಸು?

“ಉಸಿರು ತುಂಬಿಕೊಂಡು ‘ಆ’ ಅನ್ನಿ ಅಮ್ಮಾ, ಉಸಿರು ಮುಗಿಯೋವರೆಗೂ ಬಿಡಬೇಡಿ” ಎಂದು ಗಡಿಯಾರ ಹಿಡಿದಳು. ಗದ್ದೆ ದಾಟುತ್ತಿದ್ದ ಸ್ವರ ನನ್ನದು. ಆರು ಸೆಕೆಂಡಿಗೆ ನಿಂತಿತು. ಇನ್ನೊಮ್ಮೆ ಎಂದಳು. ಐದು. ಮತ್ತೊಮ್ಮೆ. ಆರು. ಎಷ್ಟು ಬರಬೇಕು ಎಂದು ಕೇಳಿದೆ. “ಇದರ ಎರಡರಷ್ಟಾದರೂ ಬಂದರೆ ಒಳ್ಳೇದು” ಎಂದಳು. ಕೆಳಗಿನಿಂದ ಮೇಲಕ್ಕೆ ಸ್ವರ ಏರಿಸಿ ಎಂದಳು, ನಡುವೆಯೇ ಸ್ವರ ಮಾಯವಾಗಿ ಬರೀ ಗಾಳಿ ಬಂತು. ಒಂದು ಹಾಳೆ ಕೊಟ್ಟು ಓದಿ ಎಂದಳು. ಶಾಲೆಯಲ್ಲಿ ಎದ್ದು ನಿಂತು ಓದಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಒಂದೊಂದು ಅಕ್ಷರವನ್ನೂ ಪೂರ್ತಿ ಮಾಡಿ ಓದಿದೆ. ಆಮೇಲೆ, “ಈಗ ಮನೇಲಿ ಮಾತಾಡೋ ಹಾಗೆ ಏನಾದರೂ ಮಾತಾಡಿ” ಎಂದಳು.

ಬೆಳಗಿನ ಕತೆ ಹೇಳಿದೆ. “ಬೆಳಿಗ್ಗೆ ಎದ್ದ್ ದ್ವಾಸಿ ಹೊಯ್ದೆ, ಅತ್ತಿ ಚಾ ಕುಡುದ್ರ್, ಬಸ್ ಬಂತ್, ಹತ್ತದ್ದೇ...” ಅವಳು ಸರಸರನೆ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಅವಳ ಮುಖ ಸಣ್ಣದಾಯಿತು. ಎದ್ದು ಹೊರಗೆ ಹೋಗಿ ತನ್ನ ಮೇಲಿನವರಿಗೆ ಹೇಳುತ್ತಿದ್ದುದು ತೆರೆದ ಬಾಗಿಲಿನಿಂದ ನನಗೆ ಕೇಳಿಸಿತು: “ಓದುವಾಗ ಪರವಾಗಿಲ್ಲ. ಮಾತಾಡುವಾಗ ಪ್ರತಿ ಪದದ ಕೊನೆ ಬಿದ್ದುಹೋಗ್ತಿದೆ. ಉಸಿರು ಅಲ್ಲಿವರೆಗೆ ತಲುಪ್ತಾ ಇಲ್ಲ ಅನ್ಸತ್ತೆ.”

ಪದದ ಕೊನೆ ಬೀಳುತ್ತಿದೆ. ಅಪ್ಪಯ್ಯನಿಗೂ ಮೊದಲು ಕೊನೆಗಳೇ ಬಿದ್ದದ್ದು. ನಾನು ಕೂತ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಅತ್ತೆ “ಎಂತ ಅಂಬ್ರ್ ಅವ್ರ್?” ಎಂದು ಕೇಳಿದರು. ಹೇಳಿದೆ. ಅವರು ಸೆರಗು ಸಿಕ್ಕಿಸಿಕೊಂಡು ಸೀದಾ ಆ ಹುಡುಗಿಯ ಎದುರು ಹೋಗಿ ನಿಂತರು.

“ಅದ್ ರೋಗ ಅಲ್ಲ ಮಗಾ, ಅದ್ ನಮ್ಮ್ ಭಾಷಿ. ನೀವ್ ಬರುತ್ತೇನೆ ಅಂತ್ರಿ, ನಾವ್ ಬತ್ತೆ ಅಂತ್. ಕೊನಿ ನಮ್ಗ್ ಬ್ಯಾಡ. ನನ್ನ್ ಕೂರ್ಸಿ ಕಾಣಿ, ನಂದೂ ಹೀಂಗೇ ಬತ್ತ್.”

ಅವಳು ನಿಜಕ್ಕೂ ಅತ್ತೆಯನ್ನು ಕೂರಿಸಿದಳು. ಅತ್ತೆಯ ‘ಆ’ ನಿಲ್ಲಲೇ ಇಲ್ಲ, ಅವಳೇ ಸಾಕೆನ್ನಬೇಕಾಯಿತು. ಮಾತಿನ ಕೊನೆಗಳು ಮಾತ್ರ ಒಂದೂ ಇರಲಿಲ್ಲ. ಹುಡುಗಿ ನಾಚಿ ನಕ್ಕಳು, ಬರೆದ ಸಾಲನ್ನು ಹೊಡೆದುಹಾಕಿದಳು. ನಾನೂ ನಕ್ಕೆ. ನಗುವಾಗ ಸ್ವರವೇ ಬರಲಿಲ್ಲ. ಒಂದು ಸಾಲು ಹೊಡೆದದ್ದರಿಂದ ಉಳಿದ ಸಾಲುಗಳು ಹೋಗುವುದಿಲ್ಲ ಎಂದು ಆಗ ನೆನಪಾಯಿತು.

ಫೋನಿಗಾಗಿ ಊರವರನ್ನು ಕೂಗುವ ನನ್ನ ಕೆಲಸದ ಸುದ್ದಿ ಕೇಳಿ, “ಹೇಗೆ ಕೂಗ್ತೀರಿ, ಒಂದು ಸಲ ತೋರಿಸಿ” ಎಂದಳು ಕೊನೆಗೆ. ನಾನು ಬಾಗಿಲು ಹಾಕಿದ ಆ ಕೋಣೆಯಲ್ಲಿ ‘ಹ್ವಾಯ್’ ಎಂದೆ. ಆ ಮೆತ್ತೆಯ ಗೋಡೆಗಳು ಅದನ್ನು ನುಂಗಿಬಿಟ್ಟವು. ಕೂಗಿ ಅಭ್ಯಾಸವಾದವಳು, ಓ ಬರಲಿ ಎಂದು ಕಿವಿಗೊಟ್ಟು ನಿಂತೆ. ಏನೂ ಬರಲಿಲ್ಲ. ತೋಡಿನ ಆಚೆ ನಿಂತವರಿಗೆ ಹೀಗೆಯೇ ಆಗಿತ್ತು ಎಂದು ಗೊತ್ತಾದದ್ದು ಆಗ. ಆ ಕೋಣೆಯಲ್ಲಿ ಹೆದರಿದಷ್ಟು ನಾನು ಬೇರೆಲ್ಲೂ ಹೆದರಿಲ್ಲ.

ಟಿವಿಯಲ್ಲಿ ನನ್ನ ಗಂಟಲು ಕಂಡಿತು. ಎರಡು ಬಿಳಿ ಪಟ್ಟಿಗಳು ಸೇರುತ್ತಿದ್ದವು, ಬಿಡುತ್ತಿದ್ದವು, ನಡುವೆ ಸರಿಯಾಗಿ ಮುಚ್ಚುತ್ತಿರಲಿಲ್ಲ. “ಗಂಟು ಇದೆ ನೋಡಿ. ಎರಡೂ ಕಡೆ ಇದೆ” ಎಂದರು ಡಾಕ್ಟರು, ಒಳ್ಳೆಯ ಸುದ್ದಿ ಹೇಳುವವರ ಹಾಗೆ. ನನಗೆ ‘ಎರಡೂ ಕಡೆ’ ಎಂಬುದಷ್ಟೇ ಕೇಳಿಸಿತು. ಅಪ್ಪಯ್ಯನಿಗೆ ಒಂದೇ ಕಡೆ ಇತ್ತು. ಕೂಗಿ ಕೂಗಿ ಆಗುವ ಗಂಟು ಜೋಡಿಯಾಗಿಯೇ ಬರುತ್ತದೆ, ಜೋಡಿ ಇದ್ದರೆ ಹೆದರಿಕೆ ಕಡಿಮೆ ಎಂದು ಅವರು ಬಿಡಿಸಿ ಹೇಳಿದರು. ಆಮೇಲೆ ಕೇಳಿದರು: “ಹೊಗೆಸೊಪ್ಪು?”

“ಇಲ್ಲ” ಎಂದೆ. ಡಾಕ್ಟರು ನನ್ನ ಹಲ್ಲುಗಳನ್ನು ನೋಡಿದರು. ಅತ್ತೆ ಗೋಡೆಯನ್ನು ನೋಡಿದರು. “ಇದೆ” ಎಂದೆ.

ಅವರ ಮುಖದ ನಗು ಹೋಯಿತು. ಎಡಗಡೆಯ ಗಂಟಿನ ಸುತ್ತ ಸ್ವಲ್ಪ ದಪ್ಪವಾಗಿದೆ, ಅದು ತನಗೆ ಅಷ್ಟು ಹಿಡಿಸುತ್ತಿಲ್ಲ ಎಂದರು. ಆರು ವಾರ ಕೂಗಬಾರದು, ಮಾತಾಡಬಾರದು. ಪಿಸುಗುಡಲೂ ಬಾರದು. ಎಲೆ ಮುಟ್ಟಬಾರದು. ಗಂಟು ಸಣ್ಣದಾದರೆ ಅದು ಕೂಗಿನದ್ದು. ಆಗದಿದ್ದರೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಅಪ್ಪಯ್ಯನಿಗೂ ‘ಒಂದು ಚೂರು’ ಎಂದೇ ಶುರುವಾಗಿತ್ತು.

ಹಿಂದಿರುಗುವಾಗ ಅತ್ತೆ ಬಸ್ಸಿನ ಕಿಟಕಿಯಿಂದ ತಮ್ಮ ಎಲೆಸಂಚಿಯನ್ನು ಹೊಳೆಗೆ ಎಸೆದರು.

ಕೂಗುವ ಕೆಲಸ ಅತ್ತೆಯ ಪಾಲಿಗೆ ಬಂತು. ಓಗೊಡಲು ತಡ ಮಾಡುತ್ತಿದ್ದವರಿಗೆ ಅತ್ತೆ ಹೆಸರು ಹಿಡಿದು ಬೈದು ಕೂಗುತ್ತಿದ್ದುದರಿಂದ ಎಲ್ಲರೂ ಎರಡನೆಯ ಕೂಗಿಗೇ ಓ ಎನ್ನಲು ಕಲಿತರು. ಆದಿತ್ಯವಾರ ಗಂಡನೊಡನೆ ಅತ್ತೆಯೇ ಮಾತಾಡುತ್ತಿದ್ದರು. ಗಂಟಲಿಗೆ ಔಷಧಿ ನಡೆಯುತ್ತಿದೆ ಎಂದಷ್ಟೇ ಹೇಳಬೇಕೆಂದು ಅವರಿಗೆ ಬರೆದು ತೋರಿಸಿದ್ದೆ. ಕೊನೆಗೆ ರಿಸೀವರನ್ನು ನನ್ನ ಕಿವಿಗೆ ಹಿಡಿಯುತ್ತಿದ್ದರು. ಆ ಕಡೆಯಿಂದ ಗಂಡ “ಇದ್ಯಾ?” ಎನ್ನುತ್ತಿದ್ದರು. ನಾನು ಉಗುರಿನಿಂದ ಎರಡು ಸಲ ತಟ್ಟುತ್ತಿದ್ದೆ.

ದಿನಾ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಒಂದೇ ಒಂದು ‘ಆ’. ಅದಕ್ಕೆ ಆ ಹುಡುಗಿ ಅಪ್ಪಣೆ ಕೊಟ್ಟಿದ್ದಳು. ಮದುವೆಯ ಕೈಗಡಿಯಾರ ನೋಡುತ್ತ ಎಣಿಸುತ್ತಿದ್ದೆ. ಏಳು ಬಂದ ದಿನ ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ. ಮರುದಿನ ಆರಕ್ಕೆ ಇಳಿದರೆ ಗಂಜಿ ಸಹ ಇಳಿಯುತ್ತಿರಲಿಲ್ಲ. ನಾಲ್ಕನೆಯ ವಾರಕ್ಕೆ ಆ ‘ಆ’ ಅನ್ನುವುದನ್ನೇ ಬಿಟ್ಟೆ. ಗೊತ್ತಾಗುವುದಕ್ಕಿಂತ ಗೊತ್ತಾಗದಿರುವುದೇ ಇರಲಿ ಎಂದು ದೇವರ ಎದುರು ಬಾಯಿ ಮುಚ್ಚಿ ಕೂರುತ್ತಿದ್ದೆ.

ಐದನೆಯ ವಾರ ಮಳೆ ಹಿಡಿದಿತ್ತು. ಒಂದು ಮುಸ್ಸಂಜೆ ಗದ್ದೆಯಾಚೆಯ ಮನೆಗೆ ಫೋನು ಬಂತು. ಮಳೆಯಲ್ಲಿ ಅತ್ತೆ ಎಷ್ಟು ಸಲ ಕೂಗಿದರೂ ಓ ಬರಲಿಲ್ಲ. ಕರೆದೇ ತರುತ್ತೇನೆಂದು ಅವರು ಕೊಡೆ ಹಿಡಿದು ಅಂಚಿನ ಮೇಲೆ ಹೊರಟರು. ಕತ್ತಲೆ ಕಟ್ಟಿತು. ಫೋನು ಮತ್ತೆ ಬಂತು, ಹೊಡೆದುಕೊಂಡು ನಿಂತಿತು. ಅತ್ತೆ ಬರಲಿಲ್ಲ, ಯಾರೂ ಬರಲಿಲ್ಲ.

ಆಗ ಗದ್ದೆಯ ಕಡೆಯಿಂದ ಒಂದು ಕೂಗು. ಒಂದೇ. ಒಡೆದ, ಗೊರಗೊರ ಸ್ವರ. ಅತ್ತೆಯ ಸ್ವರ ಕಂಚಿನಂತಹದು, ಇದು ಅದಲ್ಲ. ನನ್ನ ಕಾಲು ಜಗಲಿಗೆ ಅಂಟಿಕೊಂಡಿತು. ರಟ್ಟೆಯ ಮೇಲೆ ಅಜ್ಜಿಯ ಕೈ ಇದ್ದ ಹಾಗೇ ಆಯಿತು. ಎರಡನೆಯದು ಬರಲಿ, ಮೂರನೆಯದು ಬರಲಿ ಎಂದು ಕಾದೆ. ಬರಲಿಲ್ಲ. ಐದು ವಾರ ನನ್ನ ಪಾಲಿನದನ್ನೂ ಸೇರಿಸಿ ಕೂಗಿದ ಅತ್ತೆಯ ಗಂಟಲು ಅದು ಎಂದು ಆಮೇಲೆ ಹೊಳೆಯಿತು. ಅದು ಬಿದ್ದಿತ್ತು. ನನ್ನಿಂದ ಬಿದ್ದಿತ್ತು. ಕೈಯಲ್ಲಿ ಟಾರ್ಚಿತ್ತು, ಓಡಬಹುದಿತ್ತು, ಆದರೆ ಅಷ್ಟು ಗದ್ದೆಯಲ್ಲಿ ಎಲ್ಲಿಗೆ? ಓ ಎನ್ನದಿದ್ದರೆ ಅವರು ಕೇಳಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ, ಕತ್ತಲೆಯಲ್ಲಿ ತಾವೇ ಕಾಲು ಹಾಕುತ್ತಾರೆ. ಓ ಎಂದರೆ ಐದು ವಾರ ನೀರಿನಲ್ಲಿ ಹೋಮ, ಮತ್ತೆ ಆ ಚೂರು.

“ಓ...” ಎಂದೆ. ಗದ್ದೆಯ ಅಂಚಿಗೆ ಹೋಗಿ ಹೇಗೆ ಕೂಗುತ್ತಿದ್ದೆನೋ ಹಾಗೆಯೇ, ಉದ್ದಕ್ಕೆ ಎಳೆದು.

ಆ ಕಡೆಯಿಂದ ಸಣ್ಣಗೆ ಇನ್ನೊಂದು ಬಂತು. ಸ್ವರದ ದಾರಿ ಹಿಡಿದು ಓಡಿದೆ. ಅತ್ತೆ ಅಂಚು ಕುಸಿದು ತೊಡೆಯವರೆಗೆ ಕೆಸರಿನಲ್ಲಿದ್ದರು, ಪಾದ ತಿರುಚಿತ್ತು. ಎತ್ತುವಾಗ ಅವರು ನನ್ನ ಕೊರಳನ್ನೇ ನೋಡುತ್ತಿದ್ದರು. “ನೀನಾ ಓ ಅಂದದ್ದ್? ಕೂಗುಕಾಗ ಅಂದಿದ್ರಲೆ ಹೆಣೇ” ಎಂದು ಆ ಬಿದ್ದ ಸ್ವರದಲ್ಲಿಯೇ ಬೈದು ಅತ್ತರು. ನನಗೂ ಅಳು ಬಂತು. ಹೆದರಿಕೆಗೋ, ಅವರು ಸಿಕ್ಕಿದ್ದಕ್ಕೋ, ಎರಡಕ್ಕೂ.

ಉಳಿದ ಒಂದು ವಾರ ನಾನು ಹೇಗೆ ಕಳೆದೆನೋ. ಎಲ್ಲ ಹಾಳುಮಾಡಿಕೊಂಡೆ ಎಂದೇ ನಂಬಿದ್ದೆ. ಡಾಕ್ಟರು ಮತ್ತೆ ಟಿವಿಯಲ್ಲಿ ನೋಡಿದರು. ಆಮೇಲೆ ಎಡಗಡೆಯ ದಪ್ಪ ಹೋಗಿದೆ, ಎರಡು ಗಂಟೂ ಸಾಸಿವೆಯಷ್ಟಾಗಿವೆ ಎಂದರು. ಚೂರು ಬೇಡ. ಕೂಗು ಮಾತ್ರ ಇನ್ನೆಂದೂ ಬೇಡ.

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೊಕ್ಕರ್ಣೆಯ ಆ ಮುಸ್ಸಂಜೆ ನನಗೆ ಗುರುತು ಸಿಗಲಿಲ್ಲ ಎಂದೆ. ಸಿಕ್ಕಿತ್ತು. ಅಪ್ಪಯ್ಯನ ಬಿದ್ದ ಸ್ವರವನ್ನು ಚೌತಿಯಿಂದ ದಿನಾ ಕೇಳುತ್ತಿದ್ದವಳು ನಾನು. ಆ ಸ್ವರಕ್ಕೇ ನನಗೆ ಹೆದರಿಕೆಯಾಗುತ್ತಿತ್ತು, ಅಜ್ಜಿ ರಟ್ಟೆ ಹಿಡಿದದ್ದು ನನಗೆ ಒಂದು ನೆಪ ಸಿಕ್ಕಿದ ಹಾಗಾಯಿತು. ಇಷ್ಟು ವರ್ಷ ಇದನ್ನು ಗಂಡನಿಗೂ ಹೇಳಿಲ್ಲ.

ಮೆತ್ತೆಯ ಕೋಣೆಯಲ್ಲಿ ಆ ಹುಡುಗಿ ಗಡಿಯಾರ ಹಿಡಿದಳು. ‘ಆ’ ಹದಿಮೂರು ಬಂತು. ಅವಳಿಗೇ ಖುಷಿ. “ಕೊನೇದಾಗಿ ಮನೇಲಿ ಮಾತಾಡೋ ಹಾಗೆ ಒಂದು ಮಾತು ಹೇಳಿ, ಮುಗೀತು” ಎಂದಳು. ದೋಸೆಯ ಕತೆ ಹೇಳಬೇಕೆಂದೇ ಬಾಯಿ ತೆರೆದೆ. ಓ ಬಾರದ ಆ ಗೋಡೆಗಳನ್ನು ನೋಡಿದೆ. ಬಂದ ಮಾತು ಬೇರೆ.

“ಕೇಂಡಿತ್ ಅಪ್ಪಯ್ಯ. ನಂಗೆ ಕೇಂಡಿತ್.”

ಅವಳು ತಲೆ ಬಗ್ಗಿಸಿ ಬರೆದುಕೊಂಡಳು. “ಸ್ವರ ಚೆನ್ನಾಗಿದೆ ಅಮ್ಮಾ. ಪದದ ಕೊನೆ ಮಾತ್ರ ಬಿದ್ದಿದೆ” ಎಂದು ನಕ್ಕು, ತಾನೇ ಸೇರಿಸಿದಳು, “ಅದು ನಿಮ್ಮ ಭಾಷೆ, ಈಗ ನಂಗೆ ಗೊತ್ತು.”

ಹೌದು ಎಂದು ತಲೆಯಾಡಿಸಿದೆ. ಆ ಸಲ ಕೊನೆ ಬಿದ್ದದ್ದು ಭಾಷೆಯಿಂದಲ್ಲ.